ಪಂಡಿತಾ ರಮಾಬಾಯಿಯವರ ನಿರ್ಭೀತ ವಾಕ್ಕು

ಪಂಡಿತಾ ರಮಾಬಾಯಿಯವರ ಹೆಸರನ್ನು ನಮ್ಮ ಬಾಲಿಕೆಯರೆಲ್ಲರೂ ಬಲ್ಲರು. ವಿಧವೆಯರಿಗೂ ಅನಾಥೆಯರಿಗೂ ಆಶ್ರಯವಿತ್ತ ತಾಯಿಯೆಂದು ಆಕೆಯನ್ನು ಸ್ಮರಿಸುವ ನಾವು, ಸಭೆ ಸರಕಾರಗಳ ಮುಂದೆಯೂ ಆಕೆ ಮೌನವಾಗಿರಲಿಲ್ಲವೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಇಲ್ಲಿ ಆ ಭಾಗವನ್ನೇ ತಿಳಿಸಲಿಚ್ಛಿಸುತ್ತೇವೆ.

ರಮಾಬಾಯಿಯವರು 1858ರಲ್ಲಿ ನಮ್ಮ ಸಹ್ಯಾದ್ರಿಯ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ಕಾರ್ಕಳದ ಸಮೀಪದ ಮಾಳದವರಾದ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು, ಪತ್ನಿಗೆ ಸಂಸ್ಕೃತವನ್ನು ಕಲಿಸಿದುದಕ್ಕಾಗಿ ಉಡುಪಿಯ ಪಂಡಿತರ ಮುಂದೆ ಉತ್ತರ ಕೊಡಬೇಕಾಯಿತು. ನಿಂದೆಯ ನಡುವೆ ಅಲುಗದೆ ನಿಲ್ಲುವುದನ್ನು ಮಗಳು ಮನೆಯಲ್ಲಿಯೇ ಕಲಿತರೆನ್ನಬಹುದು. ಯಾತ್ರೆ, ಕ್ಷಾಮ, ತಂದೆತಾಯಿಗಳ ಮರಣ ಇವುಗಳನ್ನು ಇಲ್ಲಿ ವಿಸ್ತರಿಸೆವು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಯ ಪಾಂಡಿತ್ಯವನ್ನು ಕಂಡು ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು.

1882ರಲ್ಲಿ ಪತಿಯನ್ನು ಕಳೆದುಕೊಂಡು, ಹಸುಗೂಸಿನೊಡನೆ ಪುಣೆಗೆ ಬಂದ ಆಕೆ ಅದೇ ವರುಷ ಹಂಟರ್ ವಿದ್ಯಾಕಮಿಷನ್ನಿನ ಮುಂದೆ ಸಾಕ್ಷ್ಯ ಹೇಳಿದರು. ಆಗ ವಯಸ್ಸು 24. ಈ ದೇಶದ ವಿದ್ಯಾವಂತ ಪುರುಷರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಸ್ತ್ರೀವಿದ್ಯೆಗೆ ವಿರೋಧಿಗಳೆಂದೂ, ಹೆಣ್ಣುಮಕ್ಕಳ ಶಾಲೆಗಳಿಗೆ ಉಪಾಧ್ಯಾಯಿನಿಯರೂ ಇನ್‌ಸ್ಪೆಕ್ಟ್ರೆಸರೂ ಬೇಕೆಂದೂ, ರೋಗವನ್ನು ಗಂಡಸರಿಗೆ ಹೇಳಲಾರದೆ ಸಾಯುವ ಸ್ತ್ರೀಯರಿಗಾಗಿ ವೈದ್ಯೆಯರು ಬೇಕೆಂದೂ ಆ ವಿದ್ಯಾವಂತ ಪುರುಷರ ಎದುರಿನಲ್ಲಿಯೇ ತಿಳಿಸಿದರು. ಉಪಾಧ್ಯಾಯಿನಿಯರಾದ ನಮಗೆ ಈ ಸಾಕ್ಷ್ಯವನ್ನು ಓದುವಾಗಲೆಲ್ಲ ಸಂತೋಷವಾಗುವುದು ಸಹಜ.

1883ರಲ್ಲಿ ಇಂಗ್ಲೆಂಡಿನಲ್ಲಿ ಆಕೆ ಕ್ರೈಸ್ತಮತವನ್ನು ಸ್ವೀಕರಿಸಿದ ಮೇಲೆ ಪರಿಹಾಸ್ಯವು ಎರಡು ಪಟ್ಟಾಯಿತು. ಪುಣೆಯ ಪತ್ರಿಕೆಯೊಂದು ಆಕೆಯ ಬಿರುದನ್ನೇ ಪಾದ್ರಿಗಳ ಬಿರುದಿನಂತೆ ತಿರುಚಿ ನಗೆಯಾಡಿತು. ಇತ್ತ ಇಂಗ್ಲೆಂಡಿನ ಕ್ರೈಸ್ತ ಹಿರಿಯರು, ಎಲ್ಲವನ್ನೂ ಪ್ರಶ್ನಿಸುವ ಈ ಶಿಷ್ಯೆಯು ಅಹಂಕಾರಿಯೆಂದು ಬೇಸರಪಟ್ಟರು. ನಮ್ಮವರೂ ಆಕೆಯನ್ನು ನೋಯಿಸಿದರೆಂಬುದನ್ನು ಮರೆಮಾಚುವುದು ನ್ಯಾಯವಲ್ಲ.

1889ರ ದಶಂಬರದಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸು ಕೂಡಿತು. ಆ ವರುಷ ಬಂದ ಪ್ರತಿನಿಧಿಗಳೂ 1889 ಮಂದಿಯೇ ಎಂಬುದು ವಿನೋದದ ಸಂಗತಿ. ಅವರಲ್ಲಿ ಸುಮಾರು ಹತ್ತು ಮಂದಿ ಸ್ತ್ರೀಯರು, ರಮಾಬಾಯಿಯವರು ಅವರಲ್ಲೊಬ್ಬರು. ಅದರೊಡನೆ ನಡೆದ ಸಮಾಜಸುಧಾರಣಾ ಪರಿಷತ್ತಿನಲ್ಲಿ, ವಿಧವೆಯ ತಲೆಯನ್ನು ಬೋಳಿಸುವ ಪದ್ಧತಿಯನ್ನು ಕುರಿತು ಆಕೆ ಮಾತನಾಡಲೆದ್ದರು. ಕೇಳುವವರೆಲ್ಲರೂ ಪ್ರಾಯಶಃ ಗಂಡಸರು. ಮಾತನಾಡುವವರು ಸ್ವತಃ ವಿಧವೆ. ಆಕೆಯ ಮೆಲುದನಿಯು ಕೇಳಿಸದೆ ಗದ್ದಲವಾಗಲು, ಸ್ತ್ರೀಯರಿಗೆ ದನಿಯನ್ನು ಬಲಪಡಿಸಿಕೊಳ್ಳುವ ಅವಕಾಶವನ್ನೇ ಕೊಡದವರು ಅದು ಸಣ್ಣದೆಂದು ಆಶ್ಚರ್ಯಪಡಲಾಗದೆಂದು ಆಕೆ ಹೇಳಿದರಂತೆ.

1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿತು. ಸರಕಾರದವರು ಮನೆಮನೆಯನ್ನು ಶೋಧಿಸಿ ಜನರನ್ನು ಆಸ್ಪತ್ರೆಗೂ ಶಿಬಿರಗಳಿಗೂ ಸಾಗಿಸುತ್ತಿದ್ದರು. ತನ್ನ ಆಶ್ರಿತೆಯಾದ ಹುಡುಗಿಯೊಬ್ಬಳು ಹಾಗೆ ಆಸ್ಪತ್ರೆಗೆ ಹೋಗಿ ಕೈತಪ್ಪಿದಾಗ, ಅಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲವೆಂದು ರಮಾಬಾಯಿಯವರು ಮುಂಬಯಿಯ ಬಾಂಬೆ ಗಾರ್ಡಿಯನ್ ಎಂಬ ಕ್ರೈಸ್ತ ಪತ್ರಿಕೆಗೆ ಬರೆದರು. ಅಧಿಕಾರಿಗಳ ಕೃಪೆಯನ್ನು ಕಳೆದುಕೊಂಡರೆ ಆಶ್ರಮದ ಗತಿಯೇನೆಂದು ಆಕೆ ಎಣಿಸದಿರಲಾರರು. ಆದರೂ ತನ್ನ ಹೆಸರಿನಿಂದಲೇ ಬರೆದರು. ವಿಷಯವು ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಗವರ್ನರರು ಆ ದೂರನ್ನು ಅಲ್ಲಗಳೆದರು, ಆಕೆ ಹಿಂದೆಗೆದುಕೊಳ್ಳಲಿಲ್ಲ.

ಆ ವರುಷವೇ ಆಕೆ ಮಧ್ಯಪ್ರಾಂತದ ಕ್ಷಾಮದಲ್ಲಿ ನಿರ್ಗತಿಕರಾದ ನೂರಾರು ಹುಡುಗಿಯರನ್ನು ಕರೆತಂದರು. ಕೇಡಗಾಂವದ ಮುಕ್ತಿಯು ಅವರ ಮನೆಯಾಯಿತು. 1919ರಲ್ಲಿ ಅದೇ ಸರಕಾರವು ಆಕೆಗೆ ಕೈಸರ್-ಎ-ಹಿಂದ್ ಪದಕವನ್ನು ಕೊಟ್ಟಿತು. 1922ನೆಯ ಎಪ್ರಿಲ್ 5ರಂದು ಆಕೆ ಕೇಡಗಾಂವದಲ್ಲಿ ನಿದ್ರೆಹೋದರು.