ಉದ್ಯಮಶೀಲ ಶ್ರಾವಕ ಸೇಠ್ ವಾಲಚಂದ್ ಹೀರಾಚಂದ್

ವ್ಯಾಪಾರವನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ಜೈನ ಸಮಾಜದಲ್ಲಿ ಧನವನ್ನು ಗಳಿಸಿದವರು ಅನೇಕರು. ಗಳಿಸಿದ್ದನ್ನು ನಾಡಿಗೆ ಬೇಕಾದ ಕೈಗಾರಿಕೆಗಳಲ್ಲಿ ತೊಡಗಿಸಿ, ಕಟ್ಟಿದ್ದು ಪರಹಸ್ತವಾದಾಗಲೂ ಎದೆಗುಂದದೆ ಮುನ್ನಡೆದವರು ವಿರಳ. ಅಂಥವರಲ್ಲಿ ಸೊಲ್ಲಾಪುರದ ಸೇಠ್ ವಾಲಚಂದ್ ಹೀರಾಚಂದ್ ದೋಶಿಯವರು ಅಗ್ರಗಣ್ಯರು.

ಗುಜರಾತ ಮೂಲದ ದಿಗಂಬರ ಜೈನ ಕುಟುಂಬದಲ್ಲಿ ೧೮೮೨ರ ನವೆಂಬರ್ ೨೩ರಂದು ಅವರ ಜನನವಾಯಿತು. ಮನೆತನದ ವೃತ್ತಿ ಹತ್ತಿಯ ವ್ಯಾಪಾರ ಮತ್ತು ಲೇವಾದೇವಿ. ತರುಣ ವಾಲಚಂದರ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರೊಡನೆ ಪಾಲುಗಾರಿಕೆ ಮಾಡಿ ರೈಲುದಾರಿಯ ಗುತ್ತಿಗೆಗಳನ್ನು ಹಿಡಿದರು. ಮುಂದೆ ಬೋರಘಾಟಿನ ಸುರಂಗಗಳು, ತಾನ್ಸಾದಿಂದ ಮುಂಬಯಿಗೆ ನೀರು ತರುವ ಕೊಳವೆಗಳು ಅವರ ಸಂಸ್ಥೆಯಿಂದ ನಿರ್ಮಾಣಗೊಂಡವು.

೧೯೧೯ರಲ್ಲಿ ನರೋತ್ತಮ ಮೊರಾರ್ಜಿ ಮುಂತಾದ ಮಿತ್ರರೊಡಗೂಡಿ, ಗ್ವಾಲಿಯರದ ಸಿಂಧಿಯಾ ಮಹಾರಾಜರಿಗೆ ಸೇರಿದ್ದ ‘ಲಾಯಲ್ಟಿ’ ಎಂಬ ಹಡಗನ್ನು ಕೊಂಡು ಸಿಂಧಿಯಾ ನೌಕಾಸಂಸ್ಥೆಯನ್ನು ಸ್ಥಾಪಿಸಿದರು. ಆ ವರ್ಷದ ಏಪ್ರಿಲ್ ೫ರಂದು ಅದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಬ್ರಿಟಿಷ್ ಹಡಗು ಕಂಪನಿಗಳು ಬಾಡಿಗೆ ಇಳಿಸಿ ಈ ಸಂಸ್ಥೆಯನ್ನು ಮುಳುಗಿಸಲು ಯತ್ನಿಸಿದವು; ಅನಂತರ ಅದನ್ನೇ ಕೊಂಡುಬಿಡಲು ಮುಂದಾದವು. ನಷ್ಟದ ಕಾಲದಲ್ಲಿ ಬಂದ ಆ ಬೆಲೆಗೆ ಸಂಸ್ಥೆಯು ಮನಸೋಲಲಿಲ್ಲ. ಮಾರಿದ್ದರೆ ಭಾರತೀಯರ ಹಡಗು ವ್ಯವಹಾರವು ಅಂದೇ ಕೊನೆಗಾಣುತ್ತಿತ್ತು.

ಕನ್ನಡ ನಾಡಿಗೂ ಅವರ ಋಣವಿದೆ. ಅಮೆರಿಕದ ವಿಲಿಯಂ ಪಾಲಿಯವರ ತಾಂತ್ರಿಕ ನೆರವು ಪಡೆದು ವಿಮಾನ ಕಾರ್ಖಾನೆಯನ್ನು ತೆರೆಯಲು ಸೇಠರು ಯೋಜಿಸಿದಾಗ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದ ಮೈಸೂರು ಸರ್ಕಾರವು ಭೂಮಿಯನ್ನೂ ಬಂಡವಾಳವನ್ನೂ ಒದಗಿಸಿತು. ೧೯೪೦ರ ಡಿಸೆಂಬರ್ ೨೩ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ನಾಲ್ಕು ಕೋಟಿ ರೂಪಾಯಿಗಳ ಅಧಿಕೃತ ಬಂಡವಾಳದೊಡನೆ ಸ್ಥಾಪನೆಗೊಂಡಿತು. ಮರುವರ್ಷ ಭಾರತ ಸರ್ಕಾರವೂ ಪಾಲುದಾರನಾಯಿತು. ಅದೇ ೧೯೪೧ರ ಆಗಸ್ಟಿನಲ್ಲಿ ಮೊದಲನೆಯ ತರಬೇತಿ ವಿಮಾನವು ಸಿದ್ಧವಾಯಿತು.

ಅಷ್ಟರಲ್ಲಿ ಜಪಾನಿನ ಯುದ್ಧವು ಭಾರತದ ಬಾಗಿಲಿಗೆ ಬಂದಿತು. ಕಾರ್ಖಾನೆಯು ಪೂರ್ಣವಾಗಿ ತನ್ನ ಅಧೀನದಲ್ಲಿರಬೇಕೆಂದು ಬಯಸಿದ ಭಾರತ ಸರ್ಕಾರವು ೧೯೪೨ರ ಏಪ್ರಿಲಿನಲ್ಲಿ ವಾಲಚಂದರ ಹಾಗೂ ಅವರ ಸಂಗಡಿಗರ ಪಾಲುಗಳನ್ನು ಕೊಂಡುಕೊಂಡಿತು. ಮೈಸೂರು ಸರ್ಕಾರವು ತನ್ನ ಪಾಲನ್ನು ಮಾರದೆ ಆಡಳಿತವನ್ನು ಮಾತ್ರ ಬಿಟ್ಟುಕೊಟ್ಟಿತು. ಸ್ಥಾಪನೆಯಾಗಿ ಒಂದೂವರೆ ವರ್ಷವೂ ತುಂಬುವ ಮೊದಲೇ, ಫಲ ಕಾಣುವ ಹೊತ್ತಿನಲ್ಲಿ ಸಂಸ್ಥಾಪಕರು ಹೊರನಡೆಯಬೇಕಾಯಿತು. ಅದೇ ತಿಂಗಳು ವಿಶಾಖಪಟ್ಟಣದ ಮೇಲೆ ಜಪಾನಿನ ಬಾಂಬುಗಳು ಬಿದ್ದವು. ಅಲ್ಲಿ ಸಿಂಧಿಯಾ ಸಂಸ್ಥೆಯು ಕಟ್ಟುತ್ತಿದ್ದ, ೧೯೪೧ರಲ್ಲಿ ಡಾ. ರಾಜೇಂದ್ರಪ್ರಸಾದರು ಅಸ್ತಿಭಾರವಿಟ್ಟಿದ್ದ ಹಡಗು ಕಟ್ಟೆಯ ಕೆಲಸವೂ ಸ್ಥಗಿತಗೊಂಡಿತು.

ಬೇರೆಯವರಾಗಿದ್ದರೆ ಬಂದ ಹಣವನ್ನು ತಿಜೋರಿಯಲ್ಲಿಟ್ಟು ವಿಶ್ರಮಿಸುತ್ತಿದ್ದರು. ಸೇಠರು ೧೯೪೪ರಲ್ಲಿ ಮೋಟಾರು ತಯಾರಿಕೆಗೆ ಪ್ರೀಮಿಯರ್ ಆಟೋಮೊಬೈಲ್ಸನ್ನು ಸ್ಥಾಪಿಸಿದರು. ಹಡಗು ಕಟ್ಟೆಯ ಕೆಲಸವನ್ನೂ ಪುನಃ ಕೈಗೊಳ್ಳಲಾಯಿತು. ೧೯೪೮ರ ಮಾರ್ಚ್ ೧೪ರಂದು ಅಲ್ಲಿ ನಿರ್ಮಾಣಗೊಂಡ ‘ಜಲ ಉಷಾ’ ಹಡಗನ್ನು ಪ್ರಧಾನಿ ನೆಹರೂರವರು ನೀರಿಗಿಳಿಸಿದರು. ೧೯೫೨ರಲ್ಲಿ ಆ ಕಟ್ಟೆಯ ಮೂರರಲ್ಲಿ ಎರಡು ಪಾಲು ಸರ್ಕಾರದ್ದಾಯಿತು. ಪಾರ್ಶ್ವವಾಯುವಿನಿಂದ ಬಳಲಿ ೧೯೫೦ರಲ್ಲಿಯೇ ವ್ಯವಹಾರಗಳಿಂದ ನಿವೃತ್ತರಾಗಿದ್ದ ಸೇಠರು ೧೯೫೩ರ ಏಪ್ರಿಲ್ ೮ರಂದು ದೇಹತ್ಯಾಗ ಮಾಡಿದರು.

ಬೆಂಗಳೂರಿನ ಕಾರ್ಖಾನೆಯು ೧೯೬೪ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಹೆಸರು ಪಡೆದು ಸಹಸ್ರಾರು ಕುಟುಂಬಗಳಿಗೆ ಅನ್ನವಿತ್ತಿತು. ಪ್ರತಿಸ್ಪರ್ಧಿಗೆ ಮಾರಿದರೆ ಅಳಿಯುತ್ತಿದ್ದುದನ್ನು ಸೇಠರು ಉಳಿಸಿಕೊಂಡರು. ಬಿಟ್ಟುಕೊಟ್ಟದ್ದು ನಾಡಿನ ಕೈಯಲ್ಲಿ ಬೆಳೆಯಿತು. ಪರಿಗ್ರಹಕ್ಕೆ ಮಿತಿಯನ್ನು ವಿಧಿಸಿಕೊಳ್ಳುವ ಗೃಹಸ್ಥ ಶ್ರಾವಕನು ಗಳಿಕೆಯನ್ನು ತೊರೆಯಬೇಕಾಗಿಲ್ಲ; ಗಳಿಸಿದ್ದರ ಮೇಲಿನ ಮೋಹವು ಮುಂದಿನ ಕರ್ತವ್ಯಕ್ಕೆ ಅಡ್ಡಬಾರದಂತೆ ನೋಡಿಕೊಳ್ಳಬೇಕು. ಅಂಗಡಿಯ ಗಾದಿಯ ಮೇಲೆ ಕುಳಿತ ಪ್ರತಿಯೊಬ್ಬ ವರ್ತಕನಿಗೂ ಸೇಠ್ ವಾಲಚಂದರ ಬಾಳು ಈ ದಾರಿಯನ್ನು ತೋರುತ್ತದೆ.