ಬಿದಿರ ಮೆಳೆಯ ಬೆಳಕು: ಕಿಂಗ್ ಹೂ

ಚೀನೀ ಕತ್ತಿವರಸೆಯ ಚಲನಚಿತ್ರಗಳಿಗೆ ಕಲೆಯ ಗೌರವವನ್ನು ತಂದುಕೊಟ್ಟವರಲ್ಲಿ ಕಿಂಗ್ ಹೂ ಪ್ರಮುಖರು. ಬೀಜಿಂಗಿನಲ್ಲಿ 1932ರಲ್ಲಿ ಜನಿಸಿದ ಅವರು ಬಾಲ್ಯದಲ್ಲಿ ಕಂಡ ಪೀಕಿಂಗ್ ಒಪೆರಾವನ್ನು ಎಂದಿಗೂ ಮರೆಯಲಿಲ್ಲ. 1949ರಲ್ಲಿ ಹಾಂಗ್‌ಕಾಂಗಿಗೆ ಬಂದು, ಕರಡು ತಿದ್ದುವುದರಿಂದ ಹಿಡಿದು ರಂಗಸಜ್ಜಿಕೆ, ನಟನೆಯವರೆಗೆ ದೊರೆತ ಕೆಲಸಗಳನ್ನು ಮಾಡುತ್ತ ಚಿತ್ರರಂಗದೊಳಗೆ ಬೆಳೆದರು. 1958ರಲ್ಲಿ ಶಾ ಬ್ರದರ್ಸ್ ಸಂಸ್ಥೆಯನ್ನು ಸೇರಿದರು.

ಅಲ್ಲಿ 1966ರಲ್ಲಿ ನಿರ್ದೇಶಿಸಿದ ‘ಕಮ್ ಡ್ರಿಂಕ್ ವಿತ್ ಮಿ’ ಚಿತ್ರದ ಖಡ್ಗಧಾರಿಣಿಯ ಪಾತ್ರಕ್ಕೆ ಅವರು ಆರಿಸಿಕೊಂಡದ್ದು ನೃತ್ಯ ಕಲಿತಿದ್ದ ಚೆಂಗ್ ಪೇಯ್‌ಪೇಯ್ ಅವರನ್ನು. ಕಾಳಗವೂ ಒಂದು ಬಗೆಯ ನರ್ತನವೆಂದು ಅವರು ತಿಳಿದಿದ್ದರು. ಚೆಂಡೆಯ ಪೆಟ್ಟಿಗೆ ವೀರನ ಹೆಜ್ಜೆ ಹೊರಳುವ ಯಕ್ಷಗಾನವನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮುಂದೆ ತೈವಾನಿಗೆ ತೆರಳಿ ಅವರು ತೆಗೆದ ‘ಡ್ರ್ಯಾಗನ್ ಇನ್’ (1967) ಅಪಾರ ಜನಪ್ರಿಯತೆಯನ್ನು ಗಳಿಸಿತು.

ಆ ಗೆಲುವಿನ ಬಲದಿಂದಲೇ ಅವರು ‘ಎ ಟಚ್ ಆಫ್ ಝೆನ್’ ಚಿತ್ರಕ್ಕೆ ಕೈಹಾಕಿದರು. ಕಥೆಯ ಬೀಜ ಪು ಸೊಂಗ್‌ಲಿಂಗನ ಹಳೆಯ ಕಥಾಸಂಗ್ರಹದ್ದು. ಪಾಳುಬಿದ್ದ ಕೋಟೆಯ ಸನ್ನಿವೇಶಕ್ಕಾಗಿ ಕಟ್ಟಡಗಳನ್ನು ಎಬ್ಬಿಸಿ, ಅವು ಗಾಳಿಮಳೆಗೆ ಹಳತಾಗುವವರೆಗೆ ತಿಂಗಳುಗಟ್ಟಲೆ ಕಾದರು. ಬಿದಿರ ಮೆಳೆಯ ಕಾಳಗ ತೆರೆಯ ಮೇಲೆ ಹತ್ತು ನಿಮಿಷವಷ್ಟೆ. ಚಿತ್ರೀಕರಣಕ್ಕೆ ಹಿಡಿದದ್ದು 25 ದಿನ. ನಟರು ಹಾರಿದ್ದು ಜಿಗಿಹಲಗೆಗಳ ಮೇಲಿಂದ. ಆದರೆ ನೆಲದಿಂದ ಮೇಲೇರುವ ಕ್ಷಣವನ್ನೂ ಇಳಿಯುವ ಕ್ಷಣವನ್ನೂ ಸಂಕಲನದಲ್ಲಿ ಕತ್ತರಿಸಿ, ನೋಡುವವರ ಕಣ್ಣು ನಡುವಿನ ಹಾರಾಟವನ್ನು ತಾನೇ ಪೂರ್ಣಗೊಳಿಸುವಂತೆ ಮಾಡಿದರು. ಒಂದೊಂದು ತುಣುಕು ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿಯುತ್ತದೆ. ಮೂರು ಗಂಟೆಯ ಚಿತ್ರದಲ್ಲಿ ಮೊದಲ ಒಂದು ಗಂಟೆ ಕಾಳಗವೇ ಇಲ್ಲ. ಜೇಡರ ಬಲೆ, ಮಂಜು, ಕತ್ತಲೆಯ ಓಣಿ, ಭಯ. ಜನ ಅದಕ್ಕೆ ಸಿದ್ಧರಿರಲಿಲ್ಲ. ಎರಡು ಭಾಗಗಳಾಗಿ ಬಿಡುಗಡೆಯಾದ ಚಿತ್ರ ಸೋತಿತು. ಅದನ್ನು ಮೊಟಕುಗೊಳಿಸಿ ತೋರಿಸಿದರೂ ಗೆಲ್ಲಲಿಲ್ಲ. 1975ರಲ್ಲಿ ಪೂರ್ಣರೂಪವನ್ನು ಕಂಡ ಕ್ಯಾನ್ ಚಿತ್ರೋತ್ಸವ ತಾಂತ್ರಿಕ ಶ್ರೇಷ್ಠತೆಯ ಪ್ರಶಸ್ತಿಯನ್ನು ನೀಡಿತು.

ಮಾನ್ಯತೆ ಬಂದರೂ ಹಣ ಹೂಡುವವರು ವಿರಳರಾದರು. 1979ರಲ್ಲಿ ತೆರೆಕಂಡ ಅವರ ಎರಡು ಚಿತ್ರಗಳು ಕೊರಿಯಾದಲ್ಲಿ ತಯಾರಾದವು. ಅಮೆರಿಕದಲ್ಲಿ ರೈಲುಮಾರ್ಗ ಕಟ್ಟಿದ ಚೀನೀ ಕಾರ್ಮಿಕರ ಕಥೆಯನ್ನು ತೆಗೆಯಲು ವರ್ಷಗಟ್ಟಲೆ ಸಿದ್ಧತೆ ನಡೆಸಿದ್ದರು. ಅದು ಕೈಗೂಡುವ ಹಂತದಲ್ಲಿ, 1997ರ ಜನವರಿಯಲ್ಲಿ, ತೈಪೆಯಲ್ಲಿ ಹೃದಯದ ಚಿಕಿತ್ಸೆಯ ವೇಳೆ ತೀರಿಕೊಂಡರು.

ಆ ಹೊತ್ತಿಗೆ ಅವರ ಚಿತ್ರಗಳು ಬಹುಮಂದಿಗೆ ಮಸುಕಾದ ವಿಡಿಯೊ ಟೇಪುಗಳಲ್ಲಿ ಮಾತ್ರ ಪರಿಚಿತವಾಗಿದ್ದವು. ಬೆಳಕಿನ ಸೂಕ್ಷ್ಮದಿಂದಲೇ ಕಥೆ ಹೇಳಿದವನಿಗೆ ಇದಕ್ಕಿಂತ ಕ್ರೂರವಾದ ಗತಿಯಿಲ್ಲ. ರಾತ್ರಿಯ ದೃಶ್ಯಗಳು ಬರಿಯ ಕಪ್ಪಾಗಿ, ಅಗಲವಾದ ಚೌಕಟ್ಟಿನ ಅಂಚುಗಳು ಕಳೆದುಹೋಗಿ, ಯಾರು ಯಾರನ್ನು ಹೊಡೆದರೆಂಬುದೇ ತಿಳಿಯದಂತಾಗಿತ್ತು.

ಇದನ್ನು ಸರಿಪಡಿಸಲು ಹಣ ನೀಡಿದವರು ಆ ಚಿತ್ರದ ನಾಯಕಿ ಷೂ ಫೆಂಗ್. ನಟನೆಯನ್ನು ಬಿಟ್ಟು ನಿರ್ಮಾಪಕಿಯಾಗಿ ಹೆಸರಾದವರು. ಇಟಲಿಯ ಬೊಲೋನ್ಯಾದ ಪ್ರಯೋಗಾಲಯದಲ್ಲಿ ಮೂಲ ನೆಗೆಟಿವ್‌ನಿಂದ 4ಕೆ ಸ್ಪಷ್ಟತೆಯಲ್ಲಿ ಪುನರುಜ್ಜೀವನಗೊಂಡ ಚಿತ್ರವನ್ನು 2015ರಲ್ಲಿ ಕ್ಯಾನ್‌ನಲ್ಲಿಯೇ ತೋರಿಸಲಾಯಿತು. ಮರುವರ್ಷ ಅದು ಬ್ಲೂ-ರೇ ತಟ್ಟೆಗಳಲ್ಲಿ ಮನೆಗಳನ್ನು ತಲುಪಿತು. ಈಗ ಬಿದಿರೆಲೆಗಳ ನಡುವೆ ಇಳಿಯುವ ಬಿಸಿಲಕೋಲುಗಳನ್ನು ಎಣಿಸಬಹುದು. ಹಾರಾಟದ ತುಣುಕುಗಳನ್ನು ಹಿಂದಕ್ಕೆ ತಿರುಗಿಸಿ, ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ, ಆ ಕತ್ತರಿಯ ಜಾಗವನ್ನು ಹುಡುಕಬಹುದು. ಮತ್ತೆ ವೇಗಕ್ಕೆ ಬಿಟ್ಟರೆ ಕಣ್ಣು ಮತ್ತೆ ಮೋಸಹೋಗುತ್ತದೆ.