ಸ್ವಾಮಿ ರಮಾನಂದ ತೀರ್ಥ: ನಿಜಾಮಶಾಹಿಗೆ ಎದುರು ನಿಂತ ಸಂನ್ಯಾಸಿ

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಜನತೆ ಸ್ವಾತಂತ್ರ್ಯದ ಬೆಳಕನ್ನು ಕಂಡದ್ದು 1947ರ ಆಗಸ್ಟ್ 15ರಂದಲ್ಲ, 1948ರ ಸೆಪ್ಟೆಂಬರ್ 17ರಂದು. ಆ ದಿನಕ್ಕಾಗಿ ದಶಕಕಾಲ ಜನರನ್ನು ಸಂಘಟಿಸಿದವರು ಸ್ವಾಮಿ ರಮಾನಂದ ತೀರ್ಥರು.

1903ರ ಅಕ್ಟೋಬರ್ 3ರಂದು ಇಂದಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದ ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರೊಡನೆ ದುಡಿದ ಬಳಿಕ ನಿಜಾಮರ ಸೀಮೆಯ ಹಿಪ್ಪರಗಾ ರಾಷ್ಟ್ರೀಯ ಶಾಲೆಯಲ್ಲಿ ಶಿಕ್ಷಕರಾದರು. ಮುಂದೆ ಕಾವಿ ತೊಟ್ಟರೂ ಲೋಕವನ್ನು ತೊರೆಯಲಿಲ್ಲ.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ತಲೆಯೆತ್ತುವ ಮೊದಲೇ ನಿಜಾಮ ಸರ್ಕಾರ ಅದನ್ನು ನಿಷೇಧಿಸಿತು. ಸತ್ಯಾಗ್ರಹ ಹೂಡಿದ ಸ್ವಾಮೀಜಿ ಸೆರೆಮನೆ ಸೇರಿದರು. 1946ರಲ್ಲಿ ನಿಷೇಧ ತೆರವಾಯಿತು. ಭಾರತದೊಡನೆ ವಿಲೀನವಾಗಬೇಕೆಂಬ ಚಳವಳಿಗೆ 1947ರ ಆಗಸ್ಟ್ 7ರಂದು ಚಾಲನೆ ನೀಡಿದ ಅವರನ್ನು ಅದೇ ತಿಂಗಳ 15ರಂದು ಬಂಧಿಸಲಾಯಿತು.

ಹೊರಗೆ ರಜಾಕಾರರ ಹಾವಳಿ ಮಿತಿಮೀರಿತು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸಮೀಪದ ಗೋರ್ಟಾ ಗ್ರಾಮದಲ್ಲಿ ನರಮೇಧವೇ ನಡೆಯಿತು. ಗಡಿಯಾಚೆಯ ಶಿಬಿರಗಳಿಂದ ಸ್ವಯಂಸೇವಕರು ಹೋರಾಟವನ್ನು ಜೀವಂತವಾಗಿರಿಸಿದರು.

1917ರಲ್ಲಿ ರಷ್ಯದ ಝಾರ್ ದೊರೆ ಪದಚ್ಯುತನಾದದ್ದು ರಾಜಧಾನಿಯ ಸೈನಿಕರೇ ಹಸಿದ ಜನರ ಪಕ್ಷ ವಹಿಸಿದಾಗ. ಹೈದರಾಬಾದಿನಲ್ಲಿ ಅಂತಹ ಬಿರುಕು ಮೂಡಲಿಲ್ಲ. ಸೇನೆಯೂ ರಜಾಕಾರರೂ ಸಿಂಹಾಸನದ ಬೆಂಬಲಕ್ಕೇ ನಿಂತರು. ಆದ್ದರಿಂದ ಜನರ ಹೋರಾಟ ಸಿದ್ಧಪಡಿಸಿದ್ದ ನೆಲದಲ್ಲಿ ಅಂತಿಮ ನಿರ್ಣಯ ಭಾರತೀಯ ಸೇನೆಯದಾಯಿತು. ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಒಳಬಂದ ಪಡೆ ನಳದುರ್ಗ, ಉಮರ್ಗಾ, ರಾಜೇಶ್ವರ ದಾಟಿ ಹುಮನಾಬಾದಿನ ಹೆದ್ದಾರಿಯಲ್ಲಿ ಮುನ್ನಡೆಯಿತು. 17ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಶರಣಾದರು; ಸ್ವಾಮೀಜಿ ಬಿಡುಗಡೆಯಾದರು.

ಆದರೆ ನಿಜಾಮರು ರಾಜಪ್ರಮುಖರಾಗಿ ಉಳಿದರು, ಸಂಸ್ಥಾನದ ಎಲ್ಲೆಯೂ ಹಾಗೆಯೇ ಉಳಿಯಿತು. 1952ರಲ್ಲಿ ಗುಲ್ಬರ್ಗದಿಂದ ಲೋಕಸಭೆಗೆ ಆಯ್ಕೆಯಾದ ಸ್ವಾಮೀಜಿ, ಹೈದರಾಬಾದ್ ರಾಜ್ಯವನ್ನು ಭಾಷಾವಾರು ವಿಂಗಡಿಸಬೇಕೆಂದು ಪಟ್ಟು ಹಿಡಿದರು. ನೆಹರೂ ಅವರಿಗೆ ಇದು ಅಷ್ಟಾಗಿ ಒಪ್ಪಿಗೆಯಿರಲಿಲ್ಲ. ಕೊನೆಗೆ 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಹೋಳಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ ಹುಮನಾಬಾದ್, ಕಲ್ಯಾಣಗಳು ಮೈಸೂರು ರಾಜ್ಯಕ್ಕೂ ಸೇರಿದವು. ರಾಜಪ್ರಮುಖ ಪದವಿಯೂ ಅಂದಿಗೆ ಕೊನೆಗೊಂಡಿತು.

1972ರ ಜನವರಿ 22ರಂದು ಸ್ವಾಮೀಜಿ ನಿಧನರಾದರು. ಮಹಾರಾಷ್ಟ್ರವು 1994ರಲ್ಲಿ ಸ್ಥಾಪಿತವಾದ ನಾಂದೇಡ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಟ್ಟು ಗೌರವಿಸಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಪ್ರತಿ ಸೆಪ್ಟೆಂಬರ್ 17ರಂದು ಇಲ್ಲಿ ಧ್ವಜವೇರುವಾಗ, ಸಿಂದಗಿಯ ಈ ಸುಪುತ್ರನ ಹೆಸರೂ ಸ್ಮರಣೆಗೆ ಬರುವುದು ನ್ಯಾಯ.